ಮೌಸ್ ಕ್ಲಿಕ್ ಹಿಡೀತಿಲ್ವಾ? ತಪ್ಪು ಮಾಡುತ್ತಿರುವ ಎಕ್ಸ್‌ಟೆನ್ಷನ್ ಹುಡುಕಲು ಯಾವ ದಾರಿ ಯಾವಾಗ ಒಳ್ಳೆಯದು

ಹೋದ ತಿಂಗಳು ಒಂದು ಸಂಜೆ ಗುಬ್ಬಿಯಿಂದ ಫೋನ್ ಬಂತು. ಅಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ಹೆಣ್ಣುಮಗಳು.

“ಅಣ್ಣಾ, ಸ್ಕಾಲರ್‌ಶಿಪ್ ಫಾರ್ಮ್ ಪೂರ್ತಿ ತುಂಬಿಸಿದೀನಿ. ಸಬ್ಮಿಟ್ ಒತ್ತಿದ್ರೆ ಏನೂ ಆಗ್ತಿಲ್ಲ. ಹುಡುಗ ಎದುರಿಗೇ ಕೂತಿದಾನೆ. ಇವತ್ತೇ ಕೊನೇ ದಿನ.”

ಅವಳು ಆಗಲೇ ಮೌಸ್ ಬದಲಾಯಿಸಿ ನೋಡಿದ್ದಳು. ಕೇಬಲ್ ಕಿತ್ತು ಬೇರೆ ಪೋರ್ಟಿಗೆ ಹಾಕಿದ್ದಳು. ಇನ್ನೇನು ಬ್ರೌಸರ್ ಅನ್ನೇ ತೆಗೆದು ಹೊಸದಾಗಿ ಹಾಕಲು ಹೊರಟಿದ್ದಳು.

“ಏನೂ ಮುಚ್ಚಬೇಡಮ್ಮ. ರಿಫ್ರೆಶ್ ಕೂಡ ಮಾಡಬೇಡ. ಸಬ್ಮಿಟ್ ಮೇಲೆ ಬಾಣ ತಗೊಂಡು ಹೋಗು. ಅದು ಕೈ ಗುರುತು ಆಗುತ್ತಾ?”

“ಇಲ್ಲಣ್ಣ. ಪ್ಲಸ್ ಥರ ಇದೆ. ಎಲ್ಲಿ ಇಟ್ರೂ ಪ್ಲಸ್ಸೇ.”

ಅಷ್ಟು ಸಾಕಾಯಿತು. ಆ ಪ್ಲಸ್ ಗುರುತು ಸ್ಕ್ರೀನ್‌ಶಾಟ್ ತೆಗೆಯುವ ಎಕ್ಸ್‌ಟೆನ್ಷನ್‌ನದು. ಬ್ರೌಸರ್‌ಗೆ ನಾವು ಬೇರೆಯಾಗಿ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಮ್‌ಗೆ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಎಷ್ಟು ಭಾಗ ಬೇಕು ಅಂತ ಮೌಸ್ ಎಳೆದು ತೋರಿಸುತ್ತೇವಲ್ಲ, ಅದಕ್ಕೆಂದು ಅದು ಇಡೀ ಪೇಜಿನ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಹಾಸುತ್ತದೆ. ಅರ್ಜಿಯ ನಂಬರ್ ಇರುವ ಜಾಗದ ಸ್ಕ್ರೀನ್‌ಶಾಟ್ ಅನ್ನು ಅವಳು ಸ್ವಲ್ಪ ಹೊತ್ತಿನ ಮುಂಚೆ ತೆಗೆದಿದ್ದಳು. ಕೆಲಸ ಮುಗಿದರೂ ಪದರ ಹಾಗೇ ಉಳಿದಿತ್ತು. ಒತ್ತಿದ ಕ್ಲಿಕ್ಕೆಲ್ಲ ಪದರದ ಮೇಲೆ ಬೀಳುತ್ತಿತ್ತು, ಬಟನ್‌ಗೆ ಮುಟ್ಟುತ್ತಲೇ ಇರಲಿಲ್ಲ. ಎಸ್ಕೇಪ್ ಒತ್ತಿಸಿದೆ, ಹೋಗಲಿಲ್ಲ. “ಟ್ಯಾಬ್ ಕೀ ಒತ್ತುತ್ತಾ ಹೋಗು. ಸಬ್ಮಿಟ್ ಸುತ್ತ ಗೆರೆ ಬಂದ ತಕ್ಷಣ ಎಂಟರ್ ಹೊಡಿ” ಅಂದೆ. ಅರ್ಜಿ ಹೋಯಿತು. ಯಾವ ಎಕ್ಸ್‌ಟೆನ್ಷನ್, ಏನು ಎತ್ತ ಅನ್ನುವುದನ್ನು ಮಾರನೇ ದಿನ ನಿಧಾನವಾಗಿ ನೋಡಿಕೊಂಡೆವು.

ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಗಲ್ಲಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಮೌಸ್ ದೂರು ಹಿಡಿದು ಬರುವವರು ಬಹಳ ಜನ. ಅವರಲ್ಲಿ ಹೆಚ್ಚಿನವರು ಬರುವಷ್ಟರಲ್ಲಿ ಏನೋ ಒಂದು ಕಳೆದುಕೊಂಡಿರುತ್ತಾರೆ. ತುಂಬಿಸಿದ ಫಾರ್ಮ್ ಹೋಗಿರುತ್ತದೆ, ಇಲ್ಲಾ ಲಾಗಿನ್ ಹೋಗಿ ಮತ್ತೆ ಓಟಿಪಿಗೆ ಕಾಯುತ್ತಿರುತ್ತಾರೆ. ತಪ್ಪು ಹುಡುಕಲು ಐದಾರು ದಾರಿಗಳಿವೆ. ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಒಂದೊಂದು ದಾರಿಗೂ ಒಂದೊಂದು ಬೆಲೆ ಇದೆ. ಯಾವ ದಾರಿ ಹಿಡಿದರೆ ನಿಮ್ಮ ಕೈಯಿಂದ ಏನು ಹೋಗುತ್ತದೆ ಅಂತ ನೋಡಿಕೊಂಡು ಆರಿಸಬೇಕು.

ಇದನ್ನು ನಾನು ಕಲಿತದ್ದು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯ ಕಂಪ್ಯೂಟರ್‌ನಿಂದ. ಅವರಿಗೆ ರೈಟ್ ಕ್ಲಿಕ್ ಮಾಡಿದರೆ ಮೆನು ಬರುತ್ತಿರಲಿಲ್ಲ, ಒಮ್ಮೊಮ್ಮೆ ಪೇಜ್ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ವೈರಸ್ ಇರಬೇಕು ಅಂದುಕೊಂಡು ನಾನು ಫಾರ್ಮ್ಯಾಟ್ ಮಾಡಿ ಕೊಟ್ಟೆ. ಮೂರನೇ ದಿನ ಅದೇ ತೊಂದರೆ ವಾಪಸ್ ಬಂತು. ಅವರು ಬ್ರೌಸರ್‌ಗೆ ತಮ್ಮ ಅಕೌಂಟ್ ಹಾಕಿ ಲಾಗಿನ್ ಆಗಿದ್ದರು. ಸಿಂಕ್ ಆನ್ ಇದ್ದರೆ ಬುಕ್‌ಮಾರ್ಕ್ ಜೊತೆಗೆ ಹಳೆಯ ಎಕ್ಸ್‌ಟೆನ್ಷನ್‌ಗಳೂ ತಾವಾಗಿ ಬಂದು ಕೂರುತ್ತವೆ. ರೈಟ್ ಬಟನ್ ಒತ್ತಿ ಎಳೆದರೆ ಹಿಂದಿನ ಪೇಜಿಗೆ ಹೋಗುವ ಮೌಸ್ ಗೆಸ್ಚರ್ ಎಕ್ಸ್‌ಟೆನ್ಷನ್ ಒಂದು ಅದರಲ್ಲಿತ್ತು. ಎರಡು ನಿಮಿಷದ ಕೆಲಸಕ್ಕೆ ಅವರ ಒಂದು ಇಡೀ ದಿನ ಹಾಳು ಮಾಡಿದೆನಲ್ಲ ಅಂತ ಬಹಳ ಬೇಜಾರಾಯಿತು. ಆವತ್ತಿನಿಂದ ಈ ದೂರಿಗೆ ಫಾರ್ಮ್ಯಾಟ್ ಅನ್ನುವ ಮಾತನ್ನೇ ಬಿಟ್ಟೆ.

ಮೊದಲು ಮೌಸ್ ಮೇಲಿನ ಅನುಮಾನ ಕಳೆದುಕೊಳ್ಳಿ

ಇದಕ್ಕೆ ಅರ್ಧ ನಿಮಿಷ ಸಾಕು. ಬ್ರೌಸರ್ ಬಿಟ್ಟು ಡೆಸ್ಕ್‌ಟಾಪ್‌ಗೆ ಬನ್ನಿ. ಒಂದು ಫೋಲ್ಡರ್ ಮೇಲೆ ಒಂದೇ ಸಲ ಕ್ಲಿಕ್ ಮಾಡಿ. ಅದು ತೆರೆದುಕೊಂಡರೆ ಮೌಸ್ ಒಳಗಿನ ಸ್ವಿಚ್ ಸವೆದಿದೆ, ಒಂದು ಕ್ಲಿಕ್ ಎರಡಾಗಿ ಹೋಗುತ್ತಿದೆ. ಫೈಲ್ ಹಿಡಿದು ಎಳೆಯುವಾಗ ಮಧ್ಯದಲ್ಲಿ ಕೈಬಿಟ್ಟು ಬಿದ್ದರೂ ಅದೇ ಕಾರಣ. ಇಂಥದ್ದಕ್ಕೆ ಹೊಸ ಮೌಸ್ ತರುವುದೇ ದಾರಿ.

ಇನ್ನೊಂದು, ಪೇಜಿನ ಝೂಮ್. ಕಂಟ್ರೋಲ್ ಕೀ ಮೇಲೆ ಕೈ ಇದ್ದಾಗ ವೀಲ್ ತಿರುಗಿದರೆ ಪೇಜ್ 110, 125 ಅಂತ ದೊಡ್ಡದಾಗುತ್ತದೆ. ಕೆಲವು ಎಕ್ಸ್‌ಟೆನ್ಷನ್‌ಗಳ ಲೆಕ್ಕ ಅಲ್ಲಿ ತಪ್ಪುತ್ತದೆ. ಒತ್ತಿದ್ದು ಒಂದು ಕಡೆ, ಹಿಡಿದಿದ್ದು ಇನ್ನೊಂದು ಕಡೆ ಆಗುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿ 100ಕ್ಕೆ ತಂದು ನೋಡಿ.

ಎರಡೂ ಸರಿ ಇದ್ದರೆ ಆಗ ಎಕ್ಸ್‌ಟೆನ್ಷನ್ ಕಡೆ ತಿರುಗೋಣ.

ಎಕ್ಸ್‌ಟೆನ್ಷನ್ ಮೌಸ್‌ಗೆ ಹೇಗೆ ಅಡ್ಡ ಬರುತ್ತದೆ

ಅಂಗಡಿಗೆ ಬರುವವರು ಇದನ್ನು ಪ್ಲಗಿನ್ ಅಂತಲೇ ಕರೆಯುತ್ತಾರೆ. ಆದರೆ ಎರಡೂ ಬೇರೆ, ಹಳೆಯ ಪ್ಲಗಿನ್‌ಗಳ ಕಾಲ ಮುಗಿದಿದೆ. ಕ್ರೋಮ್ 2015ರಲ್ಲೇ ಹಳೇ ಮಾದರಿಯ ಎನ್‌ಪಿಎಪಿಐ ಪ್ಲಗಿನ್‌ಗಳನ್ನು ಪೂರ್ತಿ ನಿಲ್ಲಿಸಿತು. ಪೇಜಿನಲ್ಲಿ ವಿಡಿಯೋ, ಆಟ ತೋರಿಸುತ್ತಿದ್ದ ಫ್ಲ್ಯಾಶ್ ಪ್ಲಗಿನ್‌ಗೆ ಅಡೋಬಿ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆ ಪ್ಲಗಿನ್‌ಗಳು ಪೇಜಿನೊಳಗೆ ತಮ್ಮದೇ ಒಂದು ಚೌಕ ಹಾಕಿಕೊಂಡು ಕೂರುತ್ತಿದ್ದವು. ಬಾಣ ಆ ಚೌಕದೊಳಗೆ ಹೋದರೆ ವೀಲ್ ತಿರುಗಿಸಿದರೂ ಎಷ್ಟೋ ಸಲ ಪೇಜ್ ಅಲುಗಾಡುತ್ತಿರಲಿಲ್ಲ. ಈಗಿನ ಎಕ್ಸ್‌ಟೆನ್ಷನ್‌ಗೆ ಚೌಕ ಇಲ್ಲ. ಅನುಮತಿ ಕೊಟ್ಟಿದ್ದರೆ ಪ್ರತಿಯೊಂದು ಪೇಜಿನ ಒಳಕ್ಕೂ ತನ್ನ ಸ್ಕ್ರಿಪ್ಟ್, ಅಂದರೆ ಚಿಕ್ಕ ಕೋಡ್, ಕಳಿಸುತ್ತದೆ. ತೊಂದರೆ ಎಲ್ಲಿಂದ ಅಂತ ಕಣ್ಣಿಗೆ ಕಾಣದಿರುವುದು ಅದಕ್ಕೇ.

ಅಡ್ಡ ಬರುವ ಬಗೆ ಮುಖ್ಯವಾಗಿ ಎರಡು. ಒಂದು ಮುಚ್ಚುವುದು, ಗುಬ್ಬಿಯಲ್ಲಿ ಆದ ಹಾಗೆ. ಇನ್ನೊಂದು ತಡೆಯುವುದು. ಕೆರೆ ನೀರು ಕಾಲುವೆಯಲ್ಲಿ ಇಳಿದು ಬರುವುದನ್ನು ನೆನೆಸಿಕೊಳ್ಳಿ. ಮೇಲಿನ ತೂಬಿನಲ್ಲೇ ಯಾರೋ ತಿರುಗಿಸಿಕೊಂಡರೆ ಕೆಳಗಿನ ಗದ್ದೆಗೆ ಬರುವುದಿಲ್ಲ, ಅಲ್ವಾ? ಮೌಸ್ ಒತ್ತಿದ ಸುದ್ದಿಯೂ ಹಾಗೇ ಪೇಜಿನ ತಲೆಯಿಂದ ಶುರುವಾಗಿ ಬಟನ್ ತನಕ ಇಳಿದು ಬರುತ್ತದೆ. ಎಕ್ಸ್‌ಟೆನ್ಷನ್ ತಲೆಯಲ್ಲೇ ಕೂತು ಅದನ್ನು ತಡೆದರೆ ಬಟನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ.

ಯಾವುದು ಅಂತ ಬರೀ ಬಾಣ ನೋಡಿಯೇ ಬಹಳ ಮಟ್ಟಿಗೆ ಹೇಳಬಹುದು. ಲಿಂಕ್ ಮೇಲೆ ಹೋದರೆ ಕೈ ಗುರುತು ಬರಬೇಕು. ಟೈಪ್ ಮಾಡುವ ಬಾಕ್ಸ್ ಮೇಲೆ ಹೋದರೆ ನೆಟ್ಟಗೆ ಒಂದು ಗೆರೆ ಬರಬೇಕು. ಎಲ್ಲಿಗೆ ಹೋದರೂ ಗುರುತು ಬದಲಾಗದಿದ್ದರೆ ಮೇಲೆ ಪದರ ಇದೆ ಅಂತ ಅರ್ಥ. ಬರೀ ಬಟನ್ ನೋಡಿ ತೀರ್ಮಾನ ಮಾಡಬೇಡಿ, ಕೆಲವು ಸೈಟ್‌ಗಳಲ್ಲಿ ಬಟನ್ ಮೇಲೆ ಕೈ ಗುರುತು ಇಟ್ಟೇ ಇರುವುದಿಲ್ಲ. ಗುರುತು ಸರಿಯಾಗಿ ಬದಲಾಗುತ್ತಿದ್ದು, ಒತ್ತಿದಾಗ ಮಾತ್ರ ಏನೂ ಆಗದಿದ್ದರೆ ಯಾರೋ ಮೇಲೆ ತಡೆಯುತ್ತಿರಬಹುದು.

ಆಗ ಟ್ಯಾಬ್ ಮತ್ತು ಎಂಟರ್ ಹಾಕಿ ನೋಡಿ. ಬಟನ್ ಮೇಲೆ ನಿಂತು ಎಂಟರ್ ಒತ್ತಿದರೂ ಬ್ರೌಸರ್ ಅದನ್ನು ಒಂದು ಕ್ಲಿಕ್ ಅಂತಲೇ ಕಳಿಸುತ್ತದೆ. ಆದರೆ ಮೌಸ್ ಬಟನ್ ಕೆಳಗೆ ಹೋಯಿತು, ಮೇಲೆ ಬಂತು ಅನ್ನುವ ಸುದ್ದಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಎಂಟರ್ ಕೆಲಸ ಮಾಡಿದರೆ ಮೇಲೆ ಪದರ ಇದೆ, ಇಲ್ಲಾ ಬರೀ ಮೌಸ್ ಒತ್ತುವುದನ್ನು ತಡೆಯುವ ಎಕ್ಸ್‌ಟೆನ್ಷನ್ ಇದೆ. ಎಂಟರ್ ಕೂಡ ಕೆಲಸ ಮಾಡದಿದ್ದರೆ ಕ್ಲಿಕ್ ಅನ್ನೇ ಯಾರೋ ನುಂಗುತ್ತಿದ್ದಾರೆ, ಇಲ್ಲಾ ತಪ್ಪು ಸೈಟಿನದೇ. ಫಾರ್ಮ್‌ನಲ್ಲಿ ಕೆಂಪು ನಕ್ಷತ್ರ ಇರುವ ಬಾಕ್ಸ್ ಒಂದನ್ನು ಖಾಲಿ ಬಿಟ್ಟಿದ್ದೀರಾ ಅಂತಲೂ ಒಮ್ಮೆ ಮೇಲಿಂದ ಕೆಳಗೆ ನೋಡಿಬಿಡಿ.

ರೈಟ್ ಕ್ಲಿಕ್ ಮೆನು ಬರುತ್ತಿಲ್ಲವೇ? ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಪೇಜ್ ತಡೆದಿದ್ದರೂ ಬ್ರೌಸರ್ ತನ್ನ ಮೆನು ತೋರಿಸುತ್ತದೆ. ಆಗ ಬಂದು, ಸುಮ್ನೆ ಒತ್ತಿದಾಗ ಬರದಿದ್ದರೆ ಸೈಟೋ ಎಕ್ಸ್‌ಟೆನ್ಷನ್ನೋ ತಡೆಯುತ್ತಿದೆ ಅಂತ ಖಚಿತ. ಮೌಸ್ ಸರಿ ಇದೆ.

ಈಗ ದಾರಿಗಳನ್ನು ಹೋಲಿಸೋಣ

ಇನ್‌ಕಾಗ್ನಿಟೋ ಕಿಟಕಿ ಎಲ್ಲರಿಗೂ ಗೊತ್ತಿರುವ ದಾರಿ. ಕ್ರೋಮ್, ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕೊನೆಯದು ಪಿ. ಹತ್ತು ಸೆಕೆಂಡಿನ ಕೆಲಸ. ನಾವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿ ಓಡುವುದಿಲ್ಲ. ನಿಮ್ಮ ಹಳೆಯ ಕಿಟಕಿ, ತುಂಬಿಸಿದ ಫಾರ್ಮ್ ಎಲ್ಲ ಇದ್ದಲ್ಲೇ ಇರುತ್ತದೆ. ಅದು ಇದರ ದೊಡ್ಡ ಗುಣ.

ಆದರೆ ಅಲ್ಲಿ ಸಿಗುವ ಉತ್ತರ ಅಷ್ಟು ಖಚಿತವಲ್ಲ. ಇನ್‌ಕಾಗ್ನಿಟೋದಲ್ಲಿ ಎಕ್ಸ್‌ಟೆನ್ಷನ್ ಜೊತೆಗೆ ಕುಕ್ಕಿ (ಸೈಟ್ ನಿಮ್ಮನ್ನು ನೆನಪಿಟ್ಟುಕೊಳ್ಳಲು ಇಡುವ ಚೀಟಿ), ಲಾಗಿನ್, ಹಳೆಯ ಕ್ಯಾಶ್ (ಬ್ರೌಸರ್ ಮೊದಲೇ ಉಳಿಸಿಟ್ಟುಕೊಂಡ ಪೇಜಿನ ಫೈಲ್‌ಗಳು) ಯಾವುದೂ ಇರುವುದಿಲ್ಲ. ಅಲ್ಲಿ ಕ್ಲಿಕ್ ಸರಿಹೋಯಿತು ಅಂದರೆ ತಪ್ಪು ಎಕ್ಸ್‌ಟೆನ್ಷನ್‌ನದಾ, ಕೆಟ್ಟ ಕ್ಯಾಶ್‌ನದಾ ಗೊತ್ತಾಗುವುದಿಲ್ಲ. ಸರಿಹೋಗದಿದ್ದರೂ ಎಕ್ಸ್‌ಟೆನ್ಷನ್ ತಪ್ಪಲ್ಲ ಅಂತ ಹೇಳಲಾಗದು. ಯಾವಾಗಲೋ ನೀವೇ ಒಂದಕ್ಕೆ ಇನ್‌ಕಾಗ್ನಿಟೋ ಅನುಮತಿ ಕೊಟ್ಟು ಮರೆತಿರಬಹುದು. ಈ ಎರಡನೇ ಅನುಮಾನಕ್ಕೆ ಗೆಸ್ಟ್ ಕಿಟಕಿ ಒಳ್ಳೆಯದು, ಅಲ್ಲಿ ನಿಮ್ಮ ಯಾವ ಎಕ್ಸ್‌ಟೆನ್ಷನ್ನೂ ಬರುವುದಿಲ್ಲ. ಲಾಗಿನ್ ಬೇಡದ ಸೈಟ್‌ಗಳಿಗೆ ನಾನು ಇನ್‌ಕಾಗ್ನಿಟೋವನ್ನೇ ಮೊದಲು ಹೇಳುತ್ತೇನೆ. ಲಾಗಿನ್ ಬೇಕಾದ ಕಡೆ ಬೇಡ. ಗಿರಾಕಿಯ ಮೊಬೈಲ್‌ಗೆ ಮತ್ತೆ ಓಟಿಪಿ ಹೋಗಬೇಕು, ಗಿರಾಕಿ ಅಷ್ಟರಲ್ಲಿ ಬಸ್ ಹತ್ತಿರುತ್ತಾರೆ.

ಬೇರೆ ಬ್ರೌಸರ್‌ನಲ್ಲಿ ತೆರೆದು ನೋಡುವುದು ತುರ್ತಿಗೆ ಒಳ್ಳೆಯದು, ಕಾರಣ ಹುಡುಕಲು ಅಷ್ಟಕ್ಕಷ್ಟೆ. ಕ್ರೋಮ್ ಮತ್ತು ಎಡ್ಜ್ ಎರಡೂ ಕ್ರೋಮಿಯಂ ಅನ್ನುವ ಒಂದೇ ಮೂಲ ಕೋಡ್ ಮೇಲೆ ಕಟ್ಟಿದವು. ಒಂದರಲ್ಲಿ ಕೆಟ್ಟು ಇನ್ನೊಂದರಲ್ಲಿ ಸರಿ ಇದ್ದರೆ ಬಹುಪಾಲು ಎಕ್ಸ್‌ಟೆನ್ಷನ್ ಅಥವಾ ಸೆಟ್ಟಿಂಗ್ ವ್ಯತ್ಯಾಸ. ಎರಡರಲ್ಲೂ ಕೆಟ್ಟು ಫೈರ್‌ಫಾಕ್ಸ್‌ನಲ್ಲಿ ಸರಿ ಇದ್ದರೆ ಸೈಟ್ ಕಟ್ಟಿದವರ ಕಡೆ ಅನುಮಾನ ಪಡಬಹುದು. ಅಷ್ಟರ ಮೇಲೆ ಅದು ಏನೂ ಹೇಳುವುದಿಲ್ಲ.

ಅರ್ಧರ್ಧ ಆಫ್ ಮಾಡುವುದು ನನಗೆ ಬಹಳ ಇಷ್ಟವಾದ ದಾರಿ. ಎಕ್ಸ್‌ಟೆನ್ಷನ್ ಪಟ್ಟಿ ತೆರೆಯಿರಿ. ಹದಿನಾರು ಇವೆ ಅಂದುಕೊಳ್ಳಿ. ಒಂದೊಂದೇ ಆಫ್ ಮಾಡುತ್ತಾ ಹೋದರೆ ಹದಿನೈದು ಸಲ ನೋಡಬೇಕಾಗಬಹುದು. ಬದಲಿಗೆ ಮೊದಲ ಎಂಟನ್ನು ಒಟ್ಟಿಗೆ ಆಫ್ ಮಾಡಿ. ತೊಂದರೆ ಹೋಯಿತೇ? ಹಾಗಾದರೆ ಕಳ್ಳ ಆ ಎಂಟರಲ್ಲಿದೆ. ಹೋಗಲಿಲ್ಲವೇ? ಉಳಿದ ಎಂಟರಲ್ಲಿದೆ. ಆಮೇಲೆ ನಾಲ್ಕು, ಎರಡು, ಒಂದು. ನಾಲ್ಕೇ ಸಲಕ್ಕೆ ಸಿಗುತ್ತದೆ. ಲಾಗಿನ್, ಕುಕ್ಕಿ ಎಲ್ಲ ಹಾಗೇ ಉಳಿಯುವುದರಿಂದ ಬದಲಾಗುವುದು ಎಕ್ಸ್‌ಟೆನ್ಷನ್ ಒಂದೇ. ಸಿಕ್ಕ ಉತ್ತರವನ್ನು ನಂಬಬಹುದು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಆಫ್ ಮಾಡಿದ ಮೇಲೆ ಪೇಜ್ ರಿಫ್ರೆಶ್ ಮಾಡಲೇಬೇಕು. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಆಫ್ ಆದರೂ ಮೊದಲೇ ಪೇಜಿಗೆ ನುಗ್ಗಿದ ಸ್ಕ್ರಿಪ್ಟ್ ಆ ಪೇಜ್ ಇರುವವರೆಗೂ ಅಲ್ಲೇ ಇರುತ್ತದೆ. ಹಾಸಿದ ಪದರವೂ ಇರುತ್ತದೆ. ರಿಫ್ರೆಶ್ ಮಾಡದೆ ನೋಡಿ “ಎಲ್ಲಾ ಆಫ್ ಮಾಡಿದೆ, ಆದ್ರೂ ಹಾಗೇ ಇದೆ” ಅಂತ ಎಷ್ಟು ಜನ ಹೇಳಿದ್ದಾರೋ ಲೆಕ್ಕ ಇಲ್ಲ. ರಿಫ್ರೆಶ್ ಮಾಡಿದರೆ ತುಂಬಿಸಿದ ಫಾರ್ಮ್ ಹೋಗುತ್ತದೆ. ಈ ದಾರಿಯ ಬೆಲೆ ಅದು. ಫಾರ್ಮ್ ಅರ್ಧದಲ್ಲಿ ಇದ್ದಾಗ ಇದನ್ನು ಶುರು ಮಾಡಬೇಡಿ. ಟ್ಯಾಬ್, ಎಂಟರ್‌ನಿಂದ ಮುಗಿಸಿಯೋ, ಡ್ರಾಫ್ಟ್ ಉಳಿಸಿಯೋ ಆಮೇಲೆ ಕೈ ಹಾಕಿ.

ಅಪರೂಪಕ್ಕೆ ಎರಡು ಎಕ್ಸ್‌ಟೆನ್ಷನ್‌ಗಳು ಒಂದಕ್ಕೊಂದು ಜಗಳ ಆಡುತ್ತಿರುತ್ತವೆ. ಪದದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅರ್ಥ ತೋರಿಸುವುದು ಒಂದು, ಆಯ್ದ ಪದವನ್ನು ತಾನಾಗಿ ಕಾಪಿ ಮಾಡುವುದು ಇನ್ನೊಂದು. ಬೇರೆ ಬೇರೆ ಇದ್ದಾಗ ಎರಡೂ ಸರಿ. ಅವು ಬೇರೆ ಬೇರೆ ಅರ್ಧದಲ್ಲಿ ಬಿದ್ದರೆ ಯಾವ ಅರ್ಧ ಆಫ್ ಮಾಡಿದರೂ ತೊಂದರೆ ಮಾಯ. ಆಗ ಒಂದು ಅರ್ಧ ಆನ್ ಇರಲಿ, ಇನ್ನೊಂದು ಅರ್ಧದಿಂದ ಒಂದೊಂದನ್ನೇ ಆನ್ ಮಾಡುತ್ತಾ ಬನ್ನಿ.

ಫೈರ್‌ಫಾಕ್ಸ್ ಬಳಸುವವರಿಗೆ ಟ್ರಬಲ್‌ಶೂಟ್ ಮೋಡ್ ಇದೆ, ಹೆಲ್ಪ್ ಮೆನುವಿನಲ್ಲಿ. ಮೊದಲು ಇದನ್ನು ಸೇಫ್ ಮೋಡ್ ಅನ್ನುತ್ತಿದ್ದರು. ಬ್ರೌಸರ್ ಮತ್ತೆ ಶುರುವಾಗುತ್ತದೆ, ಎಕ್ಸ್‌ಟೆನ್ಷನ್‌ಗಳೆಲ್ಲ ಆಫ್ ಆಗಿರುತ್ತವೆ, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಹಾಗೇ ಇರುತ್ತವೆ. ಆದರೆ ಇದು ಹಾರ್ಡ್‌ವೇರ್ ಆಕ್ಸಿಲರೇಶನ್, ಅಂದರೆ ಪೇಜ್ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಕೊಡುವುದನ್ನೂ, ಆಫ್ ಮಾಡುತ್ತದೆ. ಸ್ಕ್ರೋಲ್ ಮಾಡುವಾಗ ಪೇಜ್ ಹರಿದ ಹಾಗೆ ಕಾಣುವುದು, ಬಾಣದ ಹಿಂದೆ ಕಪ್ಪು ಕಲೆ ಉಳಿಯುವುದು, ಇಂಥ ತೊಂದರೆ ಇಲ್ಲಿ ಸರಿಹೋದರೆ ಎಕ್ಸ್‌ಟೆನ್ಷನ್ ಮೇಲೆ ತಪ್ಪು ಹೊರಿಸುವ ಮುಂಚೆ ಗ್ರಾಫಿಕ್ಸ್ ಡ್ರೈವರ್ ಕಡೆಯೂ ನೋಡಿ.

ಕೊನೆಯದು ಹೊಸ ಪ್ರೊಫೈಲ್, ಅಂದರೆ ಅದೇ ಬ್ರೌಸರ್‌ನಲ್ಲಿ ಲಾಗಿನ್, ಬುಕ್‌ಮಾರ್ಕ್, ಎಕ್ಸ್‌ಟೆನ್ಷನ್ ಎಲ್ಲ ಬೇರೆಯಾಗಿ ಇರುವ ಇನ್ನೊಂದು ಖಾನೆ. ಮಾಡಲು ಎರಡು ನಿಮಿಷ ಬೇಕು. ಒಮ್ಮೆ ಮಾಡಿಟ್ಟರೆ ಸದಾ ಇರುತ್ತದೆ, ಒಮ್ಮೆ ಲಾಗಿನ್ ಆದರೆ ಉಳಿಯುತ್ತದೆ. ಇನ್‌ಕಾಗ್ನಿಟೋದಲ್ಲಿ ಆ ಅನುಕೂಲ ಇಲ್ಲ. ಒಂದೇ ಎಚ್ಚರಿಕೆ: ಹೊಸ ಪ್ರೊಫೈಲ್‌ನಲ್ಲಿ ನಿಮ್ಮ ಅಕೌಂಟ್ ಹಾಕಿ ಸಿಂಕ್ ಆನ್ ಮಾಡಬೇಡಿ. ಮಾಡಿದರೆ ತಿಪಟೂರಿನ ಕಥೆಯೇ.

ಆನ್‌ಲೈನ್ ಸೆಂಟರ್ ನಡೆಸುವವರಿಗೆ ನಾನು ಕೈ ಮುಗಿದು ಹೇಳುವುದು ಇದೊಂದನ್ನೇ. ಅರ್ಜಿ, ಪಹಣಿ, ಪಾವತಿ ಕೆಲಸಕ್ಕೆ ಒಂದು ಬೇರೆ ಪ್ರೊಫೈಲ್ ಇಡಿ. ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ. ಸ್ಕ್ರೀನ್‌ಶಾಟ್‌ಗೆ ವಿಂಡೋಸ್ ಕೀ, ಶಿಫ್ಟ್, ಎಸ್ ಇದೆ, ಅದು ಬ್ರೌಸರ್ ಮುಟ್ಟುವುದೇ ಇಲ್ಲ. ಜನ ತಮ್ಮ ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲ ನಿಮ್ಮನ್ನು ನಂಬಿ ಹೇಳುತ್ತಾರೆ. ಪೇಜಿನಲ್ಲಿರುವುದನ್ನೆಲ್ಲ ಓದುವ ಅನುಮತಿ ಇರುವ ಎಕ್ಸ್‌ಟೆನ್ಷನ್ ಅಲ್ಲಿ ಇರಲೇಬಾರದು. ಮೌಸ್ ತೊಂದರೆ ತಪ್ಪುವುದು ಅದರ ಜೊತೆಗೆ ಸಿಗುವ ಲಾಭ.

ಎಫ್12 ಒತ್ತುವ ಧೈರ್ಯ ಇದ್ದರೆ

ಮೇಲಿನ ಎಲ್ಲ ದಾರಿಗಳೂ ಏನಾದರೊಂದನ್ನು ಬದಲಾಯಿಸಿ ನೋಡುವಂಥವು. ಎಫ್12 ಒತ್ತಿದರೆ ಬರುವ ಡೆವಲಪರ್ ಟೂಲ್ಸ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ನೋಡಬಹುದು. ಫಾರ್ಮ್ ಹೋಗುವುದಿಲ್ಲ, ಲಾಗಿನ್ ಹೋಗುವುದಿಲ್ಲ. ಸ್ವಲ್ಪ ಕಲಿಯಬೇಕು ಅಷ್ಟೆ. ಪ್ರೋಗ್ರಾಮಿಂಗ್ ಬರಬೇಕು ಅಂತೇನಿಲ್ಲ.

ಎಡಗಡೆ ಮೂಲೆಯಲ್ಲಿ ಚೌಕದೊಳಗೆ ಬಾಣ ಇರುವ ಗುರುತು ಇದೆ. ಅದನ್ನು ಒತ್ತಿ ಕೆಟ್ಟ ಬಟನ್ ಮೇಲೆ ಬನ್ನಿ. ಸರಿ ಇದ್ದರೆ ಬರೀ ಬಟನ್‌ಗೆ ನೀಲಿ ಬಣ್ಣ ಬರುತ್ತದೆ. ಪದರ ಇದ್ದರೆ ಇಡೀ ಪೇಜ್ ನೀಲಿ ಆಗುತ್ತದೆ. ಆಗ ಕ್ಲಿಕ್ ಮಾಡಿ. ಎಲಿಮೆಂಟ್ಸ್ ಪಟ್ಟಿಯಲ್ಲಿ ಆ ಪದರದ ಸಾಲು ಕಾಣುತ್ತದೆ. ಯಾವುದು ಯಾವುದರ ಮೇಲೆ ಕೂರಬೇಕು ಅಂತ ಹೇಳುವ ಝಡ್-ಇಂಡೆಕ್ಸ್ ಎದುರು 2147483647 ಅನ್ನುವ ದೊಡ್ಡ ಸಂಖ್ಯೆ ಇದೆಯಾ ನೋಡಿ. ಅದಕ್ಕಿಂತ ಮೇಲಿನ ಸಂಖ್ಯೆಗೆ ಬ್ರೌಸರ್‌ನಲ್ಲಿ ಬೆಲೆ ಇಲ್ಲ. ಎಲ್ಲರಿಗಿಂತ ಮೇಲೆ ಕೂರಲು ಎಕ್ಸ್‌ಟೆನ್ಷನ್ ಬರೆಯುವವರು ಅದನ್ನೇ ಹಾಕುತ್ತಾರೆ. ಸಾಲಿನ ಹೆಸರಿನಲ್ಲೇ ಎಷ್ಟೋ ಸಲ ಎಕ್ಸ್‌ಟೆನ್ಷನ್ ಹೆಸರು ಇರುತ್ತದೆ. ಆ ಸಾಲನ್ನು ಆಯ್ದು ಡಿಲೀಟ್ ಒತ್ತಿದರೆ ಪದರ ಹೋಗಿ ಕೆಳಗಿನ ಬಟನ್ ಜೀವ ಪಡೆಯುತ್ತದೆ. ಗುಬ್ಬಿಯವಳಿಗೆ ಮಾರನೇ ದಿನ ಇದನ್ನು ಮಾಡಿ ತೋರಿಸಿದೆ. ಆಮೇಲೆ ಅವಳೇ ಮಾಡಿ ನೋಡಿದಳು.

ತಡೆಯುವ ಬಗೆಯಾದರೆ ಬಟನ್ ಸಾಲನ್ನು ಆಯ್ದು ಪಕ್ಕದ ಈವೆಂಟ್ ಲಿಸನರ್ಸ್ ಪಟ್ಟಿ ನೋಡಬೇಕು. ಮೌಸ್, ಕೀ ಒತ್ತಿದ ಸುದ್ದಿಗೆ ಕಾದು ಕೂತಿರುವ ಕೋಡ್‌ಗೆ ಲಿಸನರ್ ಅನ್ನುತ್ತಾರೆ. ಆನ್ಸೆಸ್ಟರ್ಸ್ ಅನ್ನುವಲ್ಲಿ ಟಿಕ್ ಇರಲಿ, ಮೇಲಿನ ತೂಬಿನಲ್ಲಿ ಕೂತವರು ಆಗಲೇ ಕಾಣುವುದು. ಕ್ಲಿಕ್, ಮೌಸ್‌ಡೌನ್, ಕಾಂಟೆಕ್ಸ್ಟ್‌ಮೆನು ಇವುಗಳ ಎದುರು ಯಾವ ಫೈಲ್ ಅಂತ ಬರೆದಿರುತ್ತದೆ. ಅದರ ವಿಳಾಸ ಕ್ರೋಮ್-ಎಕ್ಸ್‌ಟೆನ್ಷನ್ ಅಂತ ಶುರುವಾಗಿದ್ದರೆ ಮುಂದೆ 32 ಅಕ್ಷರಗಳ ಒಂದು ಗುರುತು ಸಿಗುತ್ತದೆ. ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಪ್ರತಿಯೊಂದರ ಕೆಳಗೂ ಅದರ ಗುರುತು ಕಾಣುತ್ತದೆ. ತಾಳೆ ನೋಡಿದರೆ ಹೆಸರು ಸಿಕ್ಕಿತು.

ಎಕ್ಸ್‌ಟೆನ್ಷನ್ನೇ ಕೆಲಸ ಮಾಡದಿದ್ದಾಗ

ಇದು ಉಲ್ಟಾ ದೂರು. “ಗೆಸ್ಚರ್ ಎಲ್ಲಾ ಕಡೆ ನಡೆಯುತ್ತೆ, ಪಹಣಿ ಪಿಡಿಎಫ್ ತೆರೆದರೆ ಮಾತ್ರ ನಡೆಯಲ್ಲ” ಅನ್ನುತ್ತಾರೆ. ಅದು ತಪ್ಪಲ್ಲ. ಕ್ರೋಮ್‌ನ ಸ್ವಂತ ಪಿಡಿಎಫ್ ಪುಟ, ಸೆಟ್ಟಿಂಗ್ಸ್ ಪುಟ, ಎಕ್ಸ್‌ಟೆನ್ಷನ್ ಸ್ಟೋರ್ ಇವುಗಳ ಒಳಕ್ಕೆ ಎಕ್ಸ್‌ಟೆನ್ಷನ್‌ಗಳನ್ನು ಬಿಡುವುದಿಲ್ಲ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕುವ ಮುಂಚೆಯೇ ತೆರೆದಿದ್ದ ಟ್ಯಾಬ್‌ಗಳಲ್ಲೂ ರಿಫ್ರೆಶ್ ಮಾಡುವ ತನಕ ಸಾಮಾನ್ಯವಾಗಿ ಅದು ನಡೆಯುವುದಿಲ್ಲ.

ಪೇಜಿನ ಒಂದು ಭಾಗದಲ್ಲಿ ಮಾತ್ರ ನಡೆಯದಿದ್ದರೆ ಆ ಭಾಗ ಬೇರೆ ಸೈಟಿನಿಂದ ತಂದು ಕೂರಿಸಿದ ಐಫ್ರೇಮ್ ಆಗಿರಬಹುದು. ಪಾವತಿ ಚೌಕ, ಮ್ಯಾಪ್, ವಿಡಿಯೋ ಹೀಗೇ ಇರುತ್ತವೆ. ಒಳಗಿನ ಮೌಸ್ ಸುದ್ದಿ ಹೊರಗಿನ ಪೇಜಿಗೆ ಬರುವುದಿಲ್ಲ. ಎಕ್ಸ್‌ಟೆನ್ಷನ್ ಬರೆದವರು ಎಲ್ಲ ಫ್ರೇಮ್‌ಗಳಿಗೂ ಹೋಗು ಅಂತ ಹೇಳಿಟ್ಟಿರಬೇಕು, ಹೇಳದಿದ್ದರೆ ಅದು ಹೊರಗಿನ ಪೇಜಿನಲ್ಲೇ ನಿಲ್ಲುತ್ತದೆ.

ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜು ಹುಡುಗರು ಎಕ್ಸ್‌ಟೆನ್ಷನ್ ಬರೆದು ತಂದು ತೋರಿಸುತ್ತಾರೆ, ನನಗೆ ಖುಷಿ. ಅವರಿಗಾಗಿ ಎರಡು ಮಾತು. ರೈಟ್ ಕ್ಲಿಕ್ ಮೆನು ವಿಂಡೋಸ್‌ನಲ್ಲಿ ಬಟನ್ ಬಿಟ್ಟಾಗ ಬರುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒತ್ತಿದ ತಕ್ಷಣ ಬರುತ್ತದೆ. ವಿಂಡೋಸ್‌ನಲ್ಲಿ ಬರೆದು ನೋಡಿದ ಗೆಸ್ಚರ್ ಲಿನಕ್ಸ್ ಲ್ಯಾಬಿನಲ್ಲಿ ಮೊದಲ ಹೆಜ್ಜೆಗೇ ನಿಲ್ಲುವುದು ಇದಕ್ಕೆ. ಎರಡನೆಯದು ವೀಲ್. 2019ರಲ್ಲಿ ಬಂದ ಕ್ರೋಮ್ 73ರಿಂದ ಇಡೀ ಪೇಜಿನ ಮೇಲೆ ಹಾಕಿದ ವೀಲ್ ಲಿಸನರ್ ಅನ್ನು ಬ್ರೌಸರ್ ಪ್ಯಾಸಿವ್ ಅಂತ ಹಿಡಿಯುತ್ತದೆ. ಅಂದರೆ ನೀವು ತಡೆ ಅಂದರೂ ಸ್ಕ್ರೋಲ್ ನಿಲ್ಲುವುದಿಲ್ಲ. ತಡೆಯಲೇಬೇಕಾದರೆ ಪ್ಯಾಸಿವ್ ಬೇಡ ಅಂತ ಬರೆದು ಹೇಳಬೇಕು. ಆದರೆ ಹಾಗೆ ಹೇಳಿದರೆ ನಿಮ್ಮ ಕೋಡ್ ಮುಗಿಯುವ ತನಕ ಸ್ಕ್ರೋಲ್ ಕಾಯುತ್ತದೆ, ಹಳೆಯ ಕಂಪ್ಯೂಟರ್‌ನಲ್ಲಿ ಪೇಜ್ ಜರ್ಕ್ ಹೊಡೆಯುತ್ತದೆ. ಇಡೀ ಪೇಜಿಗೆ ಹಾಕಬೇಡಿ, ಬೇಕಾದ ಜಾಗಕ್ಕೆ ಮಾತ್ರ ಹಾಕಿ. ಹಾಸಿದ ಪದರವನ್ನು ಕೆಲಸ ಮುಗಿದ ಕೂಡಲೇ ತೆಗೆಯಿರಿ, ಎಸ್ಕೇಪ್ ಒತ್ತಿದರೂ ತೆಗೆಯಿರಿ, ಮಧ್ಯೆ ಎರರ್ ಬಂದರೂ ತೆಗೆಯಿರಿ.

ಸಿಕ್ಕ ಮೇಲೆ ಏನು ಮಾಡಬೇಕು

ತಕ್ಷಣ ರಿಮೂವ್ ಮಾಡುವವರೇ ಜಾಸ್ತಿ. ಅದು ಬೇಕಿಲ್ಲದ ಎಕ್ಸ್‌ಟೆನ್ಷನ್ ಆದರೆ ಸರಿಯೇ. ದಿನವೂ ಬಳಸುವಂಥದ್ದಾದರೆ ಅದು ಯಾವ ಸೈಟಿನಲ್ಲಿ, ಯಾವಾಗ ಓಡಬೇಕು ಅಂತ ಮಿತಿ ಹಾಕಬಹುದು. ಕ್ರೋಮ್, ಎಡ್ಜ್‌ನಲ್ಲಿ ಎಕ್ಸ್‌ಟೆನ್ಷನ್‌ನ ವಿವರದ ಪುಟಕ್ಕೆ ಹೋದರೆ ಸೈಟ್ ಆಕ್ಸೆಸ್ ಅಂತ ಇದೆ. ಎಲ್ಲ ಸೈಟಿನಲ್ಲಿ, ಆಯ್ದ ಸೈಟಿನಲ್ಲಿ, ಒತ್ತಿದಾಗ ಮಾತ್ರ ಅಂತ ಮೂರು ಆಯ್ಕೆ. ಸ್ಕ್ರೀನ್‌ಶಾಟ್, ಅನುವಾದ, ಪೇಜಿನಲ್ಲಿರುವ ಬಣ್ಣ ಯಾವುದು ಅಂತ ಹಿಡಿದುಕೊಡುವ ಎಕ್ಸ್‌ಟೆನ್ಷನ್‌ಗಳಿಗೆ “ಒತ್ತಿದಾಗ ಮಾತ್ರ” ಸರಿಹೋಗುತ್ತದೆ. ಅವು ಕರೆದಾಗ ಬಂದರೆ ಸಾಕು. ಗೆಸ್ಚರ್ ಎಕ್ಸ್‌ಟೆನ್ಷನ್‌ಗೆ ಇದು ಹೊಂದುವುದಿಲ್ಲ, ಅದು ಸದಾ ಕಾಯುತ್ತಾ ಇದ್ದರೇ ಉಪಯೋಗ. ಅಂಥದ್ದಕ್ಕೆ ಅದರದೇ ಸೆಟ್ಟಿಂಗ್‌ನಲ್ಲಿ ಬಿಟ್ಟುಬಿಡುವ ಸೈಟ್‌ಗಳ ಪಟ್ಟಿ ಇದೆಯಾ ನೋಡಿ.

ಬದಲಿಗೆ ಬೇರೊಂದು ಹಾಕುವಾಗ ನಿಧಾನಿಸಿ. 2024ರಿಂದ ಕ್ರೋಮ್ ಮ್ಯಾನಿಫೆಸ್ಟ್ ವಿ2 ಅನ್ನುವ ಹಳೆಯ ನಿಯಮದಲ್ಲಿ ಬರೆದ ಎಕ್ಸ್‌ಟೆನ್ಷನ್‌ಗಳನ್ನು ಹಂತಹಂತವಾಗಿ ಆಫ್ ಮಾಡುತ್ತಾ ಬಂತು. ತಮ್ಮದು ನಿಂತುಹೋಯಿತು ಅಂತ ಅದೇ ಹೆಸರಿನಂತೆ ಕಾಣುವ ಯಾವುದನ್ನೋ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಬರೀ ಗೆಸ್ಚರ್‌ಗೆ ಅಥವಾ ಬಣ್ಣ ಹಿಡಿಯಲು ಎಲ್ಲ ಸೈಟಿನ ಮಾಹಿತಿ ಓದುವ, ಡೌನ್‌ಲೋಡ್ ನಡೆಸುವ, ಹಿಸ್ಟರಿ ನೋಡುವ ಅನುಮತಿ ಎಲ್ಲ ಒಟ್ಟಿಗೆ ಕೇಳಿದರೆ ಬೇಡ ಅನ್ನಿ.

ಬರೆದವರಿಗೆ ತಿಳಿಸುವುದೂ ಒಂದು ದಾರಿ, ನಾನು ಅದನ್ನು ಬಿಡುವುದಿಲ್ಲ. “ಮೌಸ್ ಕೆಲಸ ಮಾಡ್ತಿಲ್ಲ” ಅಂತ ಬರೆದರೆ ಅವರಿಗೆ ಏನೂ ತಿಳಿಯದು. ಬ್ರೌಸರ್ ಯಾವುದು, ಅದರ ವರ್ಷನ್ ಎಷ್ಟು, ಎಕ್ಸ್‌ಟೆನ್ಷನ್ ವರ್ಷನ್ ಎಷ್ಟು, ವಿಂಡೋಸ್ಸಾ ಲಿನಕ್ಸಾ, ಝೂಮ್ ಎಷ್ಟಿತ್ತು, ಯಾವ ಬಟನ್ ಒತ್ತಿದಿರಿ, ಅದಕ್ಕೂ ಮುಂಚೆ ಏನು ಮಾಡಿದ್ದಿರಿ ಅಂತ ಬರೆಯಿರಿ. ಕೊನೆಯದು ಬಹಳ ಮುಖ್ಯ. ಗುಬ್ಬಿಯವಳ ಪರವಾಗಿ ನಾನು ಬರೆದದ್ದು ಐದೇ ಸಾಲು: ಭಾಗ ಆಯ್ದು ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬಾಣ ಪ್ಲಸ್ ಆಗಿಯೇ ಉಳಿಯುತ್ತದೆ, ಎಸ್ಕೇಪ್‌ಗೆ ಹೋಗುವುದಿಲ್ಲ, ಝೂಮ್ 110 ಇದ್ದಾಗ ಪ್ರತಿ ಸಲ ಆಗುತ್ತದೆ, 100 ಇದ್ದಾಗ ಆಗುವುದಿಲ್ಲ, ಬ್ರೌಸರ್ ಮತ್ತು ಎಕ್ಸ್‌ಟೆನ್ಷನ್ ವರ್ಷನ್ ಇಂತಿಷ್ಟು. ಹತ್ತು ದಿನದೊಳಗೆ ಅಪ್‌ಡೇಟ್ ಬಂತು. ಅವಳು 110ಕ್ಕೆ ಇಟ್ಟುಕೊಂಡು ನಾಲ್ಕು ಸಲ ತೆಗೆದು ನೋಡಿ ಫೋನ್ ಮಾಡಿದಳು. “ಈಗ ಕೈ ಬರ್ತಿದೆ ಅಣ್ಣಾ.”